ವಿಭಾಗದ ಗ್ರಂಥಾಲಯಕ್ಕೊಂದು ಪುಟ್ಟ ತಂತ್ರಾಂಶ: ವಿದ್ಯಾರ್ಥಿ ಪ್ರಾಜೆಕ್ಟ್‌ನಲ್ಲಿ ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು

ಬಿಸಿಎ ಆಗಲಿ, ಡಿಪ್ಲೊಮಾ ಆಗಲಿ, ಬಿಇ ಆಗಲಿ, ಪ್ರಾಜೆಕ್ಟ್ ಎಂದೊಡನೆ ತಂಡದೊಳಗೆ ಮೊದಲು ಏಳುವ ಪ್ರಶ್ನೆ ‘ಯಾವ ಭಾಷೆಯಲ್ಲಿ ಬರೆಯೋಣ’ ಎಂಬುದು. ಆಮೇಲೆ ‘ಆ್ಯಪ್ ಮಾಡೋಣವೋ, ವೆಬ್‌ಸೈಟೋ’. ಮಾಡಿದ್ದು ಸರಿಯಾಗಿದೆಯೇ ಎಂದು ನೋಡುವುದು ಹೇಗೆ ಎಂಬ ಪ್ರಶ್ನೆ ಮಾತ್ರ ರಿಪೋರ್ಟ್‌ನ ಟೆಸ್ಟಿಂಗ್ ಅಧ್ಯಾಯ ಬರೆಯಲು ಕೂರುವವರೆಗೆ, ಅಂದರೆ ಬೈಂಡಿಂಗ್ ಅಂಗಡಿಗೆ ಓಡುವ ಹಿಂದಿನ ರಾತ್ರಿಯವರೆಗೆ, ಯಾರಿಗೂ ನೆನಪಾಗುವುದಿಲ್ಲ. ಇಲ್ಲಿ ಆ ಕೊನೆಯ ಪ್ರಶ್ನೆಯನ್ನೇ ಮುಂದಕ್ಕೆ ತಂದಿದ್ದೇನೆ. ಮೂರ್ನಾಲ್ಕು ವಿದ್ಯಾರ್ಥಿಗಳು, ಕಾಲೇಜಿನ ಲ್ಯಾಬ್‌ನಲ್ಲಿ, ಒಂದು ಸೆಮಿಸ್ಟರಿನೊಳಗೆ ಪರೀಕ್ಷಿಸಿ ನೋಡಬಲ್ಲ ಆಯ್ಕೆ ಯಾವುದು? ಪ್ರತಿ ಹೋಲಿಕೆಗೂ ಇದೇ ಅಳತೆ.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ಪ್ರಾಜೆಕ್ಟ್ ಇಟ್ಟುಕೊಳ್ಳೋಣ. ವಿಭಾಗದಲ್ಲಿ ಒಂದೆರಡು ಬೀರು ಪುಸ್ತಕಗಳಿವೆ, ಕೆಲವು ಕನ್ನಡದವು, ಉಳಿದವು ಇಂಗ್ಲಿಷಿನವು. ಅಟೆಂಡರ್ ಒಬ್ಬರು ಉದ್ದನೆಯ ರಿಜಿಸ್ಟರ್‌ನಲ್ಲಿ ಬರೆದುಕೊಂಡು ಕೊಡುತ್ತಾರೆ. ಗಡುವು 14 ದಿನ, ತಡವಾದರೆ ದಿನಕ್ಕೆ 1 ರೂಪಾಯಿ ದಂಡ. ಈ ರಿಜಿಸ್ಟರಿನ ಜಾಗಕ್ಕೆ ತಂತ್ರಾಂಶ ಬರಬೇಕು. ಕೇಳಲು ಸಪ್ಪೆ ಎನಿಸುವ ವಿಷಯವೇ. ಆದರೆ ‘ಬ್ಲಾಕ್‌ಚೈನ್ ಆಧಾರಿತ’ ಎಂದು ಶುರುವಾಗುವ ಶೀರ್ಷಿಕೆಗಳಿಗಿಂತ ಇದರಲ್ಲಿ ಕಲಿಯುವುದು ಹೆಚ್ಚಿದೆ.

ಬರೆಯುವುದೋ, ಇರುವುದನ್ನು ಬಳಸುವುದೋ

ಗ್ರಂಥಾಲಯದ ತಂತ್ರಾಂಶ ಜಗತ್ತಿನಲ್ಲಿ ಇಲ್ಲವೆಂದಲ್ಲ. ಕೊಹಾ ಎಂಬ ಮುಕ್ತ ತಂತ್ರಾಂಶ ನ್ಯೂಜಿಲೆಂಡಿನ ಒಂದು ಸಣ್ಣ ಗ್ರಂಥಾಲಯ ವ್ಯವಸ್ಥೆಗಾಗಿ ಹುಟ್ಟಿ, 2000ದ ಜನವರಿಯಿಂದ ಬಳಕೆಯಲ್ಲಿದೆ. ಭಾರತದ ಅನೇಕ ಕಾಲೇಜುಗಳಲ್ಲೂ ಇದೆ. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ರೂಪಿಸಿದ ಇ-ಗ್ರಂಥಾಲಯವೂ ಇದೆ. ಕಾಲೇಜಿನ ಮುಖ್ಯ ಗ್ರಂಥಾಲಯಕ್ಕೆ ಬೇಕಾದ್ದು ಇವೇ ಹೊರತು ನಿಮ್ಮ ಪ್ರಾಜೆಕ್ಟ್ ಅಲ್ಲ. ಬೀರುವಿನ ಗಾತ್ರದ ಕೆಲಸಕ್ಕೆ ಕೊಹಾ ಅತಿಯಾಯಿತು ಎಂಬುದು ನಿಮ್ಮ ಸಿನಾಪ್ಸಿಸ್‌ನಲ್ಲಿ ಬರೆಯಬಹುದಾದ ಪ್ರಾಮಾಣಿಕ ಕಾರಣ. ಅದನ್ನು ಒಮ್ಮೆ ತೆರೆದು ನೋಡಿ. ‘ಪುಸ್ತಕ’ ಬೇರೆ, ‘ಪುಸ್ತಕದ ಪ್ರತಿ’ ಬೇರೆ ಎಂಬ ಪಾಠ ಅಲ್ಲಿ ಉಚಿತವಾಗಿ ಸಿಗುತ್ತದೆ. ಎರವಲು ಹೋಗುವುದು ಶೀರ್ಷಿಕೆಯಲ್ಲ, ಒಂದು ನಿರ್ದಿಷ್ಟ ಪ್ರತಿ. ಇದನ್ನು ತಿಳಿಯದೆ ಕಟ್ಟಿದ ಟೇಬಲ್‌ಗಳು ಒಂದೇ ಪುಸ್ತಕದ ಎರಡನೆಯ ಪ್ರತಿ ಬಂದ ದಿನವೇ ಕುಸಿಯುತ್ತವೆ.

ಮೂರನೆಯ ಆಯ್ಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಸಿದ್ಧ ಪ್ರಾಜೆಕ್ಟ್ ಕೊಂಡುಕೊಳ್ಳುವುದು. ಕೋಡ್, ರಿಪೋರ್ಟ್, ಸ್ಲೈಡ್‌ಗಳು ಎಲ್ಲ ಒಟ್ಟಿಗೆ ಬರುತ್ತವೆ. ನೀತಿಯ ಮಾತು ಪಕ್ಕಕ್ಕಿರಲಿ, ವ್ಯವಹಾರದ ಲೆಕ್ಕದಲ್ಲೂ ಅದು ನಷ್ಟವೇ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ‘ದಂಡವನ್ನು 2 ರೂಪಾಯಿ ಮಾಡಿ ತೋರಿಸಿ’ ಎಂದು ಹೊರಗಿನ ಪರೀಕ್ಷಕರು ಕೇಳಿದರೆ ಯಾವ ಫೈಲ್ ತೆರೆಯಬೇಕೆಂದೇ ಗೊತ್ತಾಗುವುದಿಲ್ಲ.

ಎಐ ಚಾಟ್‌ಬಾಟ್‌ನಿಂದ ಬರೆಸುವುದು ಹಾಗಲ್ಲ, ಅದಕ್ಕೊಂದು ಜಾಗವಿದೆ. ಪುಟದ ವಿನ್ಯಾಸ, ಫಾರ್ಮ್, ಬಣ್ಣ ಇವನ್ನು ಅದಕ್ಕೆ ಬಿಡಬಹುದು. ಒಂದು ಎಚ್ಚರಿಕೆ ಸಾಕು: ಕೋಡ್ ಮತ್ತು ಆ ಕೋಡ್‌ನ ಪರೀಕ್ಷೆ ಎರಡನ್ನೂ ಒಂದೇ ಚಾಟ್‌ನಿಂದ ಪಡೆಯಬೇಡಿ. 14ನೆಯ ದಿನ ಮರಳಿಸಿದರೆ ದಂಡವಿದೆಯೇ ಎಂಬುದನ್ನು ಅದು ತಪ್ಪಾಗಿ ಊಹಿಸಿದರೆ, ಅದೇ ತಪ್ಪು ಎರಡೂ ಕಡೆ ಕೂತು, ಪರೀಕ್ಷೆಗಳೆಲ್ಲ ಹಸಿರು, ಅಂದರೆ ಪಾಸ್, ತೋರಿಸುತ್ತವೆ.

ವೆಬ್, ಆಂಡ್ರಾಯ್ಡ್, ಡೆಸ್ಕ್‌ಟಾಪ್

ಆಂಡ್ರಾಯ್ಡ್ ಆ್ಯಪ್ ಕೈಗೆ ಬಂದರೆ ತಂಡಕ್ಕೆ ಹೆಮ್ಮೆ, ನಿಜ. ಆದರೆ ಆಂಡ್ರಾಯ್ಡ್ ಸ್ಟುಡಿಯೊಗೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು, ಎಮ್ಯುಲೇಟರ್ (ಕಂಪ್ಯೂಟರಿನೊಳಗಿನ ಕೃತಕ ಫೋನ್) ಓಡಿಸಿದರೆ ಅದೂ ಸಾಲದು. ತಂಡದಲ್ಲಿ ಒಬ್ಬರ ಲ್ಯಾಪ್‌ಟಾಪ್ ಮಾತ್ರ ಅದನ್ನು ತಾಳುವಂತಿದ್ದರೆ, ಪ್ರಾಜೆಕ್ಟ್ ಅವರೊಬ್ಬರದೇ ಆಗುತ್ತದೆ. ಉಳಿದವರು ರಿಪೋರ್ಟ್ ಟೈಪ್ ಮಾಡುತ್ತಾ ಕೂರುತ್ತಾರೆ. ಜೊತೆಗೆ ಅಟೆಂಡರ್ ಮೇಜಿನ ಮೇಲಿರುವುದು ಕಂಪ್ಯೂಟರ್, ಅವರು ಅದರಲ್ಲೇ ಕೆಲಸ ಮಾಡುವವರು. ಫೋನಿನ ಕ್ಯಾಮೆರಾ ಅಥವಾ ಸ್ಥಳ ಮಾಹಿತಿ ಅನಿವಾರ್ಯವಾದ ವಿಷಯವಾಗಿದ್ದರೆ ಮಾತ್ರ ಆಂಡ್ರಾಯ್ಡ್ ಕಡೆ ಹೋಗಿ.

ಕ್ಯಾಮೆರಾ ಎಂದಾಗ ನೆನಪಾಯಿತು. ಬಾರ್‌ಕೋಡ್ ಓದಿಸಲು ಆ್ಯಪ್ ಬೇಕು ಎಂಬ ವಾದ ಆಗಾಗ ಕೇಳಿಬರುತ್ತದೆ. ಬೇಡ. ಯುಎಸ್‌ಬಿ ಸ್ಕ್ಯಾನರ್‌ಗಳು ಕಂಪ್ಯೂಟರಿನ ಪಾಲಿಗೆ ಕೀಬೋರ್ಡ್ ಇದ್ದಂತೆ: ಅಂಕಿಗಳನ್ನು ತಾನೇ ಟೈಪ್ ಮಾಡಿ, ಸಾಮಾನ್ಯವಾಗಿ ಎಂಟರ್ ಕೂಡ ಒತ್ತುತ್ತವೆ. ವೆಬ್ ಪುಟದ ಒಂದು ಖಾಲಿ ಚೌಕದಲ್ಲಿ ಕರ್ಸರ್ ಇದ್ದರೆ ಸಾಕು, ಒಂದು ಸಾಲು ಕೋಡ್ ಕೂಡ ಬೇಕಾಗಿಲ್ಲ.

ಡೆಸ್ಕ್‌ಟಾಪ್ ತಂತ್ರಾಂಶ ತಪ್ಪಲ್ಲ. ಇಂಟರ್ನೆಟ್ ಬೇಡ, ಸರ್ವರ್ ಬೇಡ. ಕಷ್ಟವಿರುವುದು ಪರೀಕ್ಷೆಯಲ್ಲಿ, ಏಕೆಂದರೆ ವಿದ್ಯಾರ್ಥಿಗಳು ಬಟನ್ ಒಳಗೇ ಎಲ್ಲ ಲೆಕ್ಕವನ್ನೂ ಬರೆದುಬಿಡುತ್ತಾರೆ. ಆಮೇಲೆ ಬಟನ್ ಒತ್ತದೆ ಲೆಕ್ಕವನ್ನು ಪರೀಕ್ಷಿಸಲಾಗುವುದಿಲ್ಲ. ನನ್ನ ಮತ ವೆಬ್‌ಗೆ, ಅದೂ ಒಂದೇ ಕಂಪ್ಯೂಟರಿನಲ್ಲಿ, ಇಂಟರ್ನೆಟ್ ಇಲ್ಲದೆ ಓಡುವ ವೆಬ್‌ಗೆ.

ಫ್ಲಾಸ್ಕ್, ಜಾಂಗೊ, ಪಿಎಚ್‌ಪಿ

ವೆಬ್ ತಂತ್ರಾಂಶ ಬರೆಯಲು ಇಲ್ಲಿ ಹೋಲಿಸುವುದು ಮೂರು ದಾರಿ: ಪಿಎಚ್‌ಪಿ ಭಾಷೆ, ಇಲ್ಲವೇ ಪೈಥಾನ್ ಭಾಷೆಯ ಸಿದ್ಧ ಚೌಕಟ್ಟುಗಳಾದ ಜಾಂಗೊ, ಫ್ಲಾಸ್ಕ್. ಪಿಎಚ್‌ಪಿಯ ದೊಡ್ಡ ಅನುಕೂಲ ಎಕ್ಸ್‌ಎಎಂಪಿಪಿ (XAMPP), ಅಂದರೆ ವೆಬ್ ಸರ್ವರ್, ಡೇಟಾಬೇಸ್, ಪಿಎಚ್‌ಪಿ ಒಟ್ಟಿಗಿರುವ ಕಟ್ಟು. ಒಂದೇ ಬಾರಿಗೆ ಎಲ್ಲವೂ ಕೂರುತ್ತದೆ, ಹಳೆಯ ಲ್ಯಾಬ್ ಯಂತ್ರಗಳಲ್ಲೂ ಓಡುತ್ತದೆ, ಸೀನಿಯರ್‌ಗಳ ಕೋಡ್ ಬೇಕಾದಷ್ಟು ಸಿಗುತ್ತದೆ. ಆ ಕೊನೆಯದೇ ಕುತ್ತು ಕೂಡ: ಒಂದೇ ಫೈಲ್‌ನಲ್ಲಿ ಎಚ್‌ಟಿಎಂಎಲ್, ಎಸ್‌ಕ್ಯುಎಲ್ (ಡೇಟಾಬೇಸ್ ಜೊತೆ ಮಾತಾಡುವ ಭಾಷೆ), ಲೆಕ್ಕ ಮೂರನ್ನೂ ಕಲಸಿದ ಶೈಲಿ ತಲೆಮಾರಿನಿಂದ ತಲೆಮಾರಿಗೆ ಹರಿದು ಬರುತ್ತಿದೆ.

ಜಾಂಗೊ ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್‌ನ ಒಂದು ದಿನಪತ್ರಿಕೆಯ ಕಚೇರಿಯಲ್ಲಿ. 2005ರಲ್ಲಿ ಹೊರಗೆ ಬಂತು. ಸುದ್ದಿಮನೆಯ ಗಡಿಬಿಡಿಯಲ್ಲಿ ಹುಟ್ಟಿದ್ದಕ್ಕೋ ಏನೋ, ಅದರಲ್ಲಿ ಅಡ್ಮಿನ್ ಪುಟ ತಾನೇ ಸಿದ್ಧವಾಗಿ ಸಿಗುತ್ತದೆ. ಟೇಬಲ್ ವಿವರಿಸಿದರೆ ಸಾಕು, ಸೇರಿಸುವ, ತಿದ್ದುವ, ಅಳಿಸುವ ಫಾರ್ಮ್‌ಗಳು ಬಂದುಬಿಡುತ್ತವೆ. ಪರೀಕ್ಷೆಗೆಂದೇ ಬೇರೆ ಡೇಟಾಬೇಸ್ ಕಟ್ಟಿ, ಮುಗಿದ ಮೇಲೆ ಅಳಿಸುವ ಏರ್ಪಾಡೂ ಅದರೊಳಗೇ ಇದೆ. ಫ್ಲಾಸ್ಕ್ ಇದಕ್ಕೆ ತದ್ವಿರುದ್ಧ. 2010ರಲ್ಲಿ ಏಪ್ರಿಲ್ ಫೂಲ್ ತಮಾಷೆಯೊಂದರಿಂದ ಬೆಳೆದದ್ದು, ತಾನಾಗಿ ಬಹಳ ಕಡಿಮೆ ಕೊಡುತ್ತದೆ. ಹಾಗಾಗಿ ಪ್ರತಿ ಸಾಲೂ ನೀವು ಬರೆದದ್ದೇ, ಪ್ರತಿ ಸಾಲಿಗೂ ನೀವು ಉತ್ತರ ಹೇಳಬಲ್ಲಿರಿ.

ಗ್ರಂಥಾಲಯದ ಗಾತ್ರದ ಕೆಲಸಕ್ಕೆ, ಪೈಥಾನ್ ಒಂದು ಸೆಮಿಸ್ಟರ್ ಕಲಿತವರಿಗೆ, ಫ್ಲಾಸ್ಕ್. ನಾಳೆ ಅದನ್ನು ನಿಜವಾಗಿ ವಿಭಾಗ ಬಳಸುತ್ತದೆ, ಮುಂದಿನ ಬ್ಯಾಚ್ ಮುಂದುವರಿಸುತ್ತದೆ ಎಂದಾದರೆ ಜಾಂಗೊ. ಜಾವಾ ಮಾತ್ರ ಗೊತ್ತಿರುವ ತಂಡ ಪೈಥಾನ್ ಕಲಿಯಲು ಹೊರಡಬೇಕಿಲ್ಲ. ಭಾಷೆಯ ಆಯ್ಕೆಯಿಂದ ಪ್ರಾಜೆಕ್ಟ್ ಕೆಟ್ಟದ್ದನ್ನು ನಾನು ಕಂಡಿರುವುದು ಕಡಿಮೆ.

ಎಸ್‌ಕ್ಯುಲೈಟ್ ಮತ್ತು ಮೈಎಸ್‌ಕ್ಯುಎಲ್

ಡೇಟಾಬೇಸ್ ಆಯ್ಕೆಯಿಂದ ಕೆಟ್ಟದ್ದನ್ನು ಧಾರಾಳವಾಗಿ ಕಂಡಿದ್ದೇನೆ. ‘ಎಸ್‌ಕ್ಯುಲೈಟ್ ಆಟದ ಸಾಮಾನು, ಮೈಎಸ್‌ಕ್ಯುಎಲ್ ನಿಜವಾದದ್ದು’ ಎಂಬ ನಂಬಿಕೆ ಲ್ಯಾಬ್‌ಗಳಲ್ಲಿ ಗಟ್ಟಿಯಾಗಿದೆ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನೊಳಗೆ ಇರುವುದು ಎಸ್‌ಕ್ಯುಲೈಟೇ. ಇಡೀ ಡೇಟಾಬೇಸ್ ಒಂದು ಫೈಲ್. ನಕಲು ಮಾಡಿದರೆ ಬ್ಯಾಕಪ್ ಆಯಿತು, ಡೆಮೊಗೆ ಹೋಗುವಾಗ ಪಾಸ್‌ವರ್ಡ್ ಮರೆತು ಪರದಾಡುವಂತಿಲ್ಲ. ಪೈಥಾನ್ ಜೊತೆಗೇ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪರೀಕ್ಷೆಗಾಗಿ ಡಿಸ್ಕ್ ಮುಟ್ಟದೆ ಬರೀ ಮೆಮೊರಿಯಲ್ಲಿ ಹೊಸ ಡೇಟಾಬೇಸ್ ಕಟ್ಟಬಹುದು. ಪ್ರತಿ ಪರೀಕ್ಷೆಯೂ ಖಾಲಿ ಬೀರುವಿನಿಂದ ಶುರುವಾಗುತ್ತದೆ.

ಆದರೆ ಅದಕ್ಕೆ ಮೂರು ಚಾಳಿಗಳಿವೆ. ಮೊದಲನೆಯದು, ಫಾರಿನ್ ಕೀ ನಿಯಮಗಳನ್ನು (ಒಂದು ಟೇಬಲಿನ ಸಾಲು ಇನ್ನೊಂದು ಟೇಬಲಿನಲ್ಲಿ ನಿಜವಾಗಿ ಇರುವುದನ್ನೇ ಸೂಚಿಸಬೇಕು ಎಂಬಂಥವು) ಅದು ಸಾಮಾನ್ಯವಾಗಿ ತಾನಾಗಿ ಜಾರಿ ಮಾಡುವುದಿಲ್ಲ; ಪ್ರತಿ ಸಂಪರ್ಕದಲ್ಲೂ ಅದನ್ನು ಆನ್ ಮಾಡಬೇಕು. ಮರೆತರೆ, ಇಲ್ಲದ ಪುಸ್ತಕವನ್ನು ಇಲ್ಲದ ವಿದ್ಯಾರ್ಥಿಗೆ ಕೊಟ್ಟರೂ ಒಪ್ಪಿಕೊಳ್ಳುತ್ತದೆ. ಎರಡನೆಯದು, ಅಂಕಿ ಎಂದು ಘೋಷಿಸಿದ ಕಾಲಂನಲ್ಲಿ ‘ಹತ್ತು’ ಎಂದು ಬರೆದರೂ ಸುಮ್ಮನೆ ಇಟ್ಟುಕೊಳ್ಳುತ್ತದೆ. 2021ರಲ್ಲಿ ಬಂದ 3.37ನೆಯ ಆವೃತ್ತಿಯಿಂದ ಈಚೆಗೆ ಟೇಬಲನ್ನು ‘ಸ್ಟ್ರಿಕ್ಟ್’ ಎಂದು ಗುರುತಿಸಿ ಇದನ್ನು ತಡೆಯಬಹುದು. ಮೂರನೆಯದು, ದಿನಾಂಕಕ್ಕೆ ಅಲ್ಲಿ ಪ್ರತ್ಯೇಕ ಡೇಟಾ ವಿಧ ಇಲ್ಲ, ಪಠ್ಯವಾಗಿ ಇಡುತ್ತೇವೆ. ನಮ್ಮ ರೂಢಿಯಂತೆ ದಿನ-ತಿಂಗಳು-ವರ್ಷ ಎಂದು ಇಟ್ಟರೆ 05-10-2025 ಎಂಬುದು 28-09-2025ಕ್ಕಿಂತ ಮುಂಚೆ ಬಂದು ಕೂರುತ್ತದೆ. ವರ್ಷ-ತಿಂಗಳು-ದಿನ ಎಂದು ಇಟ್ಟು, ತೋರಿಸುವಾಗ ಮಾತ್ರ ತಿರುಗಿಸಿ.

ಎರಡು ಕೌಂಟರ್‌ಗಳಿಂದ ಒಂದೇ ಪ್ರತಿಯನ್ನು ಇಬ್ಬರಿಗೆ ಒಮ್ಮೆಗೇ ಕೊಟ್ಟರೆ? ವೈವಾದ ಅಚ್ಚುಮೆಚ್ಚಿನ ಪ್ರಶ್ನೆ. ಎಸ್‌ಕ್ಯುಲೈಟ್‌ನಲ್ಲಿ ‘ಮರಳಿಸಿದ ದಿನಾಂಕ ಖಾಲಿ ಇರುವ ಸಾಲುಗಳಲ್ಲಿ ಪ್ರತಿಯ ಸಂಖ್ಯೆ ಒಂದೇ ಸಲ ಬರಬೇಕು’ ಎಂಬ ಷರತ್ತುಬದ್ಧ ಯೂನಿಕ್ ಇಂಡೆಕ್ಸ್ ಬರೆಯಬಹುದು. ಎರಡನೆಯವರ ಯತ್ನವನ್ನು ಡೇಟಾಬೇಸೇ ತಿರಸ್ಕರಿಸುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲೂ ಇದು ಸಾಧ್ಯ. ಮೈಎಸ್‌ಕ್ಯುಎಲ್‌ನಲ್ಲಿ ಇಂಥ ಷರತ್ತಿನ ಇಂಡೆಕ್ಸ್ ಇಲ್ಲ, ಪ್ರತಿಯ ಸಾಲಿಗೆ ಬೀಗ ಹಾಕಿ ಓದುವ ದಾರಿ ಹಿಡಿಯಬಹುದು. ನೂರಾರು ಜನ ಒಟ್ಟಿಗೆ ಬರೆಯುವ ವ್ಯವಸ್ಥೆಗೆ ಮೈಎಸ್‌ಕ್ಯುಎಲ್ ಅಥವಾ ಪೋಸ್ಟ್‌ಗ್ರೆಸ್ ಬೇಕೇ ಬೇಕು, ಏಕೆಂದರೆ ಎಸ್‌ಕ್ಯುಲೈಟ್ ಒಮ್ಮೆಗೆ ಒಬ್ಬರಿಗೆ ಮಾತ್ರ ಬರೆಯಲು ಬಿಡುತ್ತದೆ. ನಮ್ಮ ಮೇಜಿನ ಮುಂದೆ ಅಷ್ಟು ಜನ ಎಂದೂ ನಿಲ್ಲುವುದಿಲ್ಲ. ಟೇಬಲ್‌ಗಳಿಲ್ಲದ ಡೇಟಾಬೇಸ್ ಆದ ಮಾಂಗೊಡಿಬಿಯ ಮಾತು ಬೇಡ. ಇದು ಟೇಬಲ್‌ಗಳ ಕೆಲಸ.

ಪುಸ್ತಕದ ಮೇಲೆ ಅಚ್ಚಾಗುವ ಐಎಸ್‌ಬಿಎನ್ ಸಂಖ್ಯೆಯನ್ನು ಪ್ರೈಮರಿ ಕೀ (ಟೇಬಲಿನ ಪ್ರತಿ ಸಾಲನ್ನೂ ಗುರುತಿಸುವ ಕಾಲಂ) ಮಾಡುವ ಆಸೆಯನ್ನೂ ಇಲ್ಲೇ ಕೈಬಿಡಿ. ಅನೇಕ ಕನ್ನಡ ಪುಸ್ತಕಗಳಿಗೆ ಅದು ಇಲ್ಲವೇ ಇಲ್ಲ. 2007ಕ್ಕಿಂತ ಹಿಂದಿನವಕ್ಕೆ 10 ಅಂಕಿ, ಅದರ ಕೊನೆಯಲ್ಲಿ ಅಂಕಿಯ ಬದಲು ಎಕ್ಸ್ ಅಕ್ಷರ ಬರಬಹುದು, ಮೊದಲಿಗೆ ಸೊನ್ನೆ ಇರಬಹುದು. ಅಂಕಿಯೆಂದು ಇಟ್ಟರೆ ಆ ಸೊನ್ನೆ ಮಾಯ. ರಿಜಿಸ್ಟರಿನಲ್ಲಿ ಪ್ರತಿ ಪ್ರತಿಗೂ ಬರೆದ ಆಕ್ಸೆಶನ್ ಸಂಖ್ಯೆಯೇ ಸರಿಯಾದ ಗುರುತು.

ಕನ್ನಡ ಬಂದಾಗ ಆಯ್ಕೆಗಳು ಬೇರೆಯಾಗುತ್ತವೆ

ಇಂಗ್ಲಿಷಿನ ಯಾವ ಟ್ಯುಟೋರಿಯಲ್‌ನಲ್ಲೂ ಸಿಗದ ಭಾಗ ಇದು.

‘ಕನ್ನಡ’ ಎಂಬ ಪದವನ್ನು ಕಣ್ಣು ಮೂರು ಅಕ್ಷರವಾಗಿ ಓದುತ್ತದೆ. ಪೈಥಾನ್ ಎಣಿಸಿದರೆ 5: ಕ, ನ, ಹಲಂತದ ಗುರುತು, ಮತ್ತೊಂದು ನ, ಡ. ಜಾವಾಸ್ಕ್ರಿಪ್ಟ್‌ಗೂ 5. ಪಿಎಚ್‌ಪಿಯ ಸಾಮಾನ್ಯ ಉದ್ದದ ಫಂಕ್ಷನ್ ಮಾತ್ರ ಬೈಟ್‌ಗಳನ್ನು ಎಣಿಸಿ 15 ಎನ್ನುತ್ತದೆ, ಏಕೆಂದರೆ ಪಠ್ಯವನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಪಿಎಚ್‌ಪಿ ಆರಿಸಿದವರು ಅದರ ಬಹುಬೈಟ್ ಫಂಕ್ಷನ್‌ಗಳನ್ನೇ ಬಳಸಬೇಕು. ಇಲ್ಲವಾದರೆ ಉದ್ದನೆಯ ಶೀರ್ಷಿಕೆಯನ್ನು ಕತ್ತರಿಸಿ ತೋರಿಸುವಾಗ ಕೊನೆಯ ಅಕ್ಷರ ಒಡೆದು ಪ್ರಶ್ನಾರ್ಥಕದ ವಜ್ರ ಮೂಡುತ್ತದೆ.

ಅಂಕಿಗಳ ವಿಷಯದಲ್ಲೂ ಹೀಗೆಯೇ. ಅಟೆಂಡರ್ ‘೧೨’ ಎಂದು ಟೈಪ್ ಮಾಡಿದರೆ ಪೈಥಾನ್ ಅದನ್ನು 12 ಎಂದು ಒಪ್ಪುತ್ತದೆ, ಜಾವಾಸ್ಕ್ರಿಪ್ಟ್ ಒಪ್ಪುವುದಿಲ್ಲ. ಪುಟದಲ್ಲಿ ಜಾವಾಸ್ಕ್ರಿಪ್ಟ್, ಹಿಂದೆ ಪೈಥಾನ್ ಇಟ್ಟ ತಂಡಕ್ಕೆ ಒಂದೇ ಸಂಖ್ಯೆ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು.

ಕಣ್ಣಿಗೆ ಕಾಣದ ದೋಷ ಇನ್ನೊಂದಿದೆ. ‘ೀ’ ಎಂಬ ದೀರ್ಘ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ (ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಪಟ್ಟಿ) ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘದ ಗುರುತು ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಆದರೆ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಒಳಬರುವ ಪ್ರತಿ ಪಠ್ಯವನ್ನೂ ಎನ್‌ಎಫ್‌ಸಿ ರೂಪಕ್ಕೆ (ಇಂಥ ಬಿಡಿ ಗುರುತುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಯುನಿಕೋಡ್ ರೂಪ) ತಂದು ಉಳಿಸಿ. ಪೈಥಾನ್‌ನಲ್ಲಿ ಇದಕ್ಕೆ ಹೊರಗಿನ ಯಾವ ಪ್ಯಾಕೇಜೂ ಬೇಕಿಲ್ಲ; ಪಿಎಚ್‌ಪಿಯಲ್ಲಾದರೆ ಇಂಟ್ಲ್ ವಿಸ್ತರಣೆ ಇದೆಯೇ ನೋಡಿಕೊಳ್ಳಿ.

ವಿಂಗಡಣೆಗೂ ಪರೀಕ್ಷೆ ಬರೆಯಿರಿ. ಯುನಿಕೋಡ್ ಪಟ್ಟಿಯಲ್ಲಿ ಳ ಎಂಬುದು ಲ ಆದ ತಕ್ಷಣ, ವಕ್ಕಿಂತ ಮುಂಚೆ ಇದೆ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದಮೇಲೆ. ಹಾಗಾಗಿ ಬರೀ ಸಂಕೇತದ ಕ್ರಮದಲ್ಲಿ ವಿಂಗಡಿಸಿದರೆ ‘ಬೆಳಕು’ ಮುಂದೆ, ‘ಬೆವರು’ ಹಿಂದೆ. ನಿಘಂಟಿನಲ್ಲಿ ಇದು ತಿರುಗುಮುರುಗು. ಬೀರುವಿನ ಗಾತ್ರಕ್ಕೆ ಇದನ್ನು ಸರಿಪಡಿಸದೆ ಬಿಟ್ಟರೂ ನಡೆಯುತ್ತದೆ, ಆದರೆ ತಿಳಿದು ಬಿಟ್ಟಿದ್ದೇವೆ ಎಂದು ರಿಪೋರ್ಟ್‌ನಲ್ಲಿ ಬರೆಯಿರಿ.

ವಿಭಾಗದ ಹಳೆಯ ಪುಸ್ತಕ ಪಟ್ಟಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಆಗಿದ್ದರೆ ಅದನ್ನು ಮೊದಲೇ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ನೇರವಾಗಿ ತಂದರೆ ಲ್ಯಾಟಿನ್ ಅಕ್ಷರಗಳ ಕಸ ಬರುತ್ತದೆ. ವರದಿಯನ್ನು ಪಿಡಿಎಫ್ ಮಾಡಲು ಪ್ಯಾಕೇಜ್ ಹುಡುಕುವ ಮುನ್ನ ಬ್ರೌಸರಿನ ಮುದ್ರಣ ಸೌಲಭ್ಯವನ್ನು ನೋಡಿ. ಒತ್ತಕ್ಷರಗಳನ್ನು ಜೋಡಿಸುವ ವಿದ್ಯೆ ಬ್ರೌಸರ್‌ಗೆ ಚೆನ್ನಾಗಿ ಬರುತ್ತದೆ. ಹಲವು ಪಿಡಿಎಫ್ ಪ್ಯಾಕೇಜ್‌ಗಳು ‘ಕನ್ನಡ’ವನ್ನು ‘ಕನ್‌ನಡ’ ಮಾಡಿಬಿಡುತ್ತವೆ.

ಹೆಸರಿನ ಫಾರ್ಮ್‌ನಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಕಡ್ಡಾಯ ಚೌಕಗಳನ್ನು ಇಡಬೇಡಿ. ನಮ್ಮಲ್ಲಿ ಎಷ್ಟೋ ಜನರಿಗೆ ಇರುವುದು ಒಂದು ಹೆಸರು, ಎರಡು ಇನಿಷಿಯಲ್. ಇನ್ನು ಮಂಗಳೂರು ಕಡೆಯ ಡಿ'ಸೋಜ ಎಂಬ ಉಪನಾಮವನ್ನು ಪರೀಕ್ಷೆಯ ಪಟ್ಟಿಯಲ್ಲಿ ತಪ್ಪದೆ ಸೇರಿಸಿ. ಎಸ್‌ಕ್ಯುಎಲ್ ವಾಕ್ಯವನ್ನು ತುಂಡುಗಳಿಂದ ಅಂಟಿಸಿ ಕಟ್ಟಿದ್ದರೆ, ಇಂಗ್ಲಿಷಿನಲ್ಲಿ ಬರೆದ ಆ ಹೆಸರಿನ ಒಂದು ಅಪಾಸ್ಟ್ರಫಿ ಇಡೀ ಪುಟವನ್ನು ಉರುಳಿಸುತ್ತದೆ.

ಯೋಜನೆ: ಒಮ್ಮೆಗೇ ಎಲ್ಲವೋ, ಹೋಳು ಹೋಳಾಗಿಯೋ

ರಿಪೋರ್ಟ್‌ನ ಅಧ್ಯಾಯಗಳು ವಾಟರ್‌ಫಾಲ್ ಮಾದರಿಯನ್ನು ಬೇಡುತ್ತವೆ: ಅಗತ್ಯ, ವಿನ್ಯಾಸ, ಕೋಡ್, ಪರೀಕ್ಷೆ. ಈ ಮಾದರಿಯ ಮೂಲವೆಂದು ತೋರಿಸುವ ವಿನ್‌ಸ್ಟನ್ ರಾಯ್ಸ್ ಅವರ 1970ರ ಪ್ರಬಂಧದಲ್ಲಿ ‘ವಾಟರ್‌ಫಾಲ್’ ಎಂಬ ಪದವೇ ಇಲ್ಲ, ಮೇಲಾಗಿ ಹಾಗೆ ನೇರವಾಗಿ ಇಳಿಯುವುದು ಅಪಾಯಕಾರಿ ಎಂದು ಅವರೇ ಎಚ್ಚರಿಸಿದ್ದರು. 2001ರಲ್ಲಿ 17 ಮಂದಿ ತಂತ್ರಾಂಶ ತಜ್ಞರು ಅಮೆರಿಕದ ಯೂಟಾದಲ್ಲಿ ಸೇರಿ ಬರೆದ, ಸಣ್ಣ ಹಂತಗಳಲ್ಲಿ ಕಟ್ಟಿ ತಿದ್ದುತ್ತಾ ಹೋಗಬೇಕೆನ್ನುವ ಅಜೈಲ್ ಪ್ರಣಾಳಿಕೆಯನ್ನು ಪೂರ್ತಿ ಆಚರಿಸಲು ಹೊರಟರೂ ವಿದ್ಯಾರ್ಥಿ ತಂಡ ಸುಸ್ತಾಗುತ್ತದೆ. ದಿನವೂ ನಿಂತು ಸಭೆ ನಡೆಸಲು ಇಂಟರ್ನಲ್ಸ್ ಬಿಡುವುದಿಲ್ಲ.

ಅಧ್ಯಾಯಗಳನ್ನು ವಾಟರ್‌ಫಾಲ್ ಕ್ರಮದಲ್ಲೇ ಬರೆಯಿರಿ, ಕೆಲಸವನ್ನು ಹೋಳು ಮಾಡಿ. ಮೊದಲ ಹೋಳು: ಒಬ್ಬ ವಿದ್ಯಾರ್ಥಿ, ಒಂದು ಪ್ರತಿ, ಕೊಡುವುದು, ಮರಳಿ ಪಡೆಯುವುದು. ಲಾಗಿನ್ ಬೇಡ, ಬಣ್ಣ ಬೇಡ. ಇದು ಪರದೆಯಿಂದ ಡೇಟಾಬೇಸಿನವರೆಗೆ ಓಡಿದ ಮೇಲೆ ದಂಡ, ಆಮೇಲೆ ಹುಡುಕಾಟ, ಕೊನೆಗೆ ಹಳೆಯ ಪಟ್ಟಿಯ ಆಮದು. ತಂಡಗಳು ಸಾಮಾನ್ಯವಾಗಿ ಲಾಗಿನ್ ಪುಟದಿಂದ ಶುರುಮಾಡಿ ಅಲ್ಲೇ ತಿಂಗಳು ಕಳೆಯುತ್ತವೆ.

ಯೋಜನೆಯ ನಿಜವಾದ ಕೆಲಸ ಅಟೆಂಡರ್ ಬಳಿ ಪ್ರಶ್ನೆ ಕೇಳುವುದು. ಭಾನುವಾರಕ್ಕೂ ದಂಡ ಲೆಕ್ಕವೇ? ದಸರಾ ರಜೆಯಲ್ಲಿ ಗಡುವು ಬಿದ್ದರೆ? ಪುಸ್ತಕ ಕಳೆದುಹೋದರೆ? ಗೈಡ್ ಬಳಿ ಈ ಉತ್ತರಗಳಿರುವುದಿಲ್ಲ.

ಪರೀಕ್ಷೆ: ಕೈಯಿಂದ, ಕೋಡ್‌ನಿಂದ, ಬ್ರೌಸರ್ ಓಡಿಸಿ

ಸೆಲೆನಿಯಂ, ಪ್ಲೇರೈಟ್ ಮೊದಲಾದ ಸಲಕರಣೆಗಳು ಬ್ರೌಸರನ್ನು ತಾವೇ ತೆರೆದು ಕ್ಲಿಕ್ ಮಾಡುತ್ತವೆ. ನೋಡಲು ಚೆಂದ, ಡೆಮೊದಲ್ಲಿ ಚಪ್ಪಾಳೆ ಬರುತ್ತದೆ; ಆದರೆ ಬಟನ್ನಿನ ಗುರುತು ಬದಲಾದಾಗಲೆಲ್ಲ ಮುರಿಯುತ್ತವೆ. ಕೊಡು-ಪಡೆ ಹಾದಿಗೆ ಅಂಥದ್ದೊಂದು ಸಾಕು.

ನಿಮ್ಮ ಸಮಯ ಹೋಗಬೇಕಾದದ್ದು ಕೋಡ್ ಪರೀಕ್ಷಿಸುವ ಸಲಕರಣೆಗಳಾದ ಪೈಟೆಸ್ಟ್ (ಪೈಥಾನ್‌ಗೆ) ಅಥವಾ ಜೆಯುನಿಟ್ (ಜಾವಾಕ್ಕೆ) ಬಳಸಿ ದಂಡದ ಫಂಕ್ಷನ್ ಮೇಲೆ. ಆ ಫಂಕ್ಷನ್ ‘ಇವತ್ತು ಯಾವ ದಿನ’ ಎಂದು ಕಂಪ್ಯೂಟರನ್ನು ಕೇಳಬಾರದು. ಕೊಟ್ಟ ದಿನ, ಮರಳಿದ ದಿನ ಎರಡನ್ನೂ ನೀವೇ ಕೈಗಿಡಬೇಕು. ಹಾಗೆ ಬರೆದರೆ ಯಾವ ದಿನಾಂಕವನ್ನು ಬೇಕಾದರೂ ಪರೀಕ್ಷಿಸಬಹುದು. ಕೊಟ್ಟ ದಿನವೇ ಮರಳಿತು, ದಂಡ 0. 14ನೆಯ ದಿನ, 0. 15ನೆಯ ದಿನ, 1. ಮರಳಿದ ದಿನ ಕೊಟ್ಟ ದಿನಕ್ಕಿಂತ ಹಿಂದಿದ್ದರೆ ಋಣ ದಂಡ ಬರಕೂಡದು, ದೋಷ ಎಂದು ಹೇಳಬೇಕು. 2028ರ ಫೆಬ್ರುವರಿ 15ರಂದು ಕೊಟ್ಟ ಪುಸ್ತಕದ ಗಡುವು ಫೆಬ್ರುವರಿ 29. 2027ರಲ್ಲಾದರೆ ಮಾರ್ಚ್ 1. ತಿಂಗಳಿಗೆ 30 ದಿನ ಎಂದು ಗುಣಿಸಿ ಬರೆದ ಕೋಡ್ ಇಲ್ಲಿ ಸಿಕ್ಕಿಬೀಳುತ್ತದೆ.

ಕೈಯಿಂದ ಮಾಡುವ ಪರೀಕ್ಷೆಯೂ ಬೇಕು, ಆದರೆ ತಂಡದವರು ಮಾಡಬಾರದು. ಅಟೆಂಡರ್ ಮುಂದೆ ತೆರೆದಿಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರಿ. ಅವರು ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೋ ಅಲ್ಲಿ ದೋಷವಿದೆ. ರಿಪೋರ್ಟ್‌ನ ಪರೀಕ್ಷಾ ಕೋಷ್ಟಕದಲ್ಲಿ ಎಲ್ಲ ಸಾಲಿಗೂ ‘ಪಾಸ್’ ಎಂದು ಬರೆಯುವ ಸಂಪ್ರದಾಯವನ್ನು ದಯವಿಟ್ಟು ಮುರಿಯಿರಿ. ಫೇಲ್ ಆದ ಸಾಲು, ಸರಿಪಡಿಸಿದ ದಿನಾಂಕ, ಕಾರಣ, ಇವು ಇರುವ ಕೋಷ್ಟಕವನ್ನು ನೋಡಿದರೆ ಪರೀಕ್ಷಕರಿಗೆ ಕೆಲಸ ನಡೆದದ್ದು ಗೊತ್ತಾಗುತ್ತದೆ.

ಉಳಿದ ಸಣ್ಣ ಆಯ್ಕೆಗಳು

ಪೆನ್‌ಡ್ರೈವ್‌ನಲ್ಲಿ ‘ಫೈನಲ್’, ‘ಫೈನಲ್-2’, ‘ಲೇಟೆಸ್ಟ್ ಫೈನಲ್’ ಎಂಬ ಫೋಲ್ಡರ್‌ಗಳೋ, ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ ಬಳಕೆಯೋ ಎಂಬುದು ಹೋಲಿಸುವ ವಿಷಯವೇ ಅಲ್ಲ. ಗಿಟ್. ನಾಲ್ಕು ಆಜ್ಞೆ ಕಲಿತರೆ ಸಾಕು, ಯಾರು ಎಷ್ಟು ಕೆಲಸ ಮಾಡಿದರು ಎಂಬ ಜಗಳವೂ ತಪ್ಪುತ್ತದೆ.

ಹೋಸ್ಟಿಂಗ್, ಅಂದರೆ ಇಂಟರ್ನೆಟ್ಟಿನ ಸರ್ವರ್‌ನಲ್ಲಿ ಇಟ್ಟು ಓಡಿಸುವುದು, ಬೇಕೇ? ಡೆಮೊ ಸ್ವಂತ ಲ್ಯಾಪ್‌ಟಾಪ್‌ನಲ್ಲೇ ಇರಲಿ. ಹಳೆಯ ಟ್ಯುಟೋರಿಯಲ್‌ಗಳು ಹೇಳುವ ಹೆರೋಕು 2022ರ ನವೆಂಬರ್‌ನಲ್ಲಿ ಉಚಿತ ಸೇವೆ ನಿಲ್ಲಿಸಿತು. ರೆಂಡರ್‌ನ ಉಚಿತ ಸೇವೆ 15 ನಿಮಿಷ ಯಾರೂ ಬಾರದಿದ್ದರೆ ಮಲಗುತ್ತದೆ, ಮತ್ತೆ ಏಳುವಷ್ಟರಲ್ಲಿ ಪರೀಕ್ಷಕರ ತಾಳ್ಮೆ ಮುಗಿದಿರುತ್ತದೆ. ಅಲ್ಲಿ ಎಸ್‌ಕ್ಯುಲೈಟ್ ಫೈಲ್ ಇಟ್ಟರೆ ಸರ್ವರ್ ಮರುಶುರುವಾದಾಗ ಬರೆದದ್ದೆಲ್ಲ ಹೋಗುತ್ತದೆ.

ಗೈಡ್ ‘ಜಾವಾ ಮತ್ತು ಮೈಎಸ್‌ಕ್ಯುಎಲ್‌ನಲ್ಲೇ ಮಾಡಿ’ ಎಂದು ಪಟ್ಟುಹಿಡಿದರೆ ವಾದಿಸುತ್ತಾ ಕೂರಬೇಡಿ. ದಂಡದ ಫಂಕ್ಷನ್ ಅದೇ, ಪರೀಕ್ಷೆಯ ದಿನಾಂಕಗಳೂ ಅವೇ. ಲ್ಯಾಬ್‌ನಲ್ಲಿರುವ ಮೈಎಸ್‌ಕ್ಯುಎಲ್ ಆವೃತ್ತಿ ಯಾವುದೆಂದು ಮಾತ್ರ ಮೊದಲ ವಾರವೇ ನೋಡಿಕೊಳ್ಳಿ. 5.7 ಅಥವಾ ಅದಕ್ಕಿಂತ ಹಳೆಯದಾದರೆ ಅದರ ಪೂರ್ವನಿಗದಿತ ಅಕ್ಷರ ಸಂಕೇತ ಲ್ಯಾಟಿನ್. ಟೇಬಲ್ ಕಟ್ಟುವಾಗಲೇ ಯುಟಿಎಫ್8ಎಂಬಿ4 (ಮೈಎಸ್‌ಕ್ಯುಎಲ್‌ನಲ್ಲಿ ಪೂರ್ಣ ಯುಟಿಎಫ್-8ರ ಹೆಸರು) ಎಂದು ಹೊಂದಿಸದಿದ್ದರೆ ಕನ್ನಡ ಶೀರ್ಷಿಕೆಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣಬಹುದು. 8.0.16ಕ್ಕಿಂತ ಹಿಂದಿನ ಆವೃತ್ತಿಗಳು ಚೆಕ್ ನಿಯಮವನ್ನು (ಕಾಲಂನಲ್ಲಿ ಏನು ಬರಬಹುದು ಎಂಬ ಷರತ್ತು) ಓದಿ, ಜಾರಿಮಾಡದೆ ಸುಮ್ಮನಿರುತ್ತವೆ. ಆ ನಿಯಮಗಳನ್ನು ಜಾವಾದಲ್ಲೇ ಬರೆದು, ಅವಕ್ಕೂ ಒಂದೊಂದು ಜೆಯುನಿಟ್ ಪರೀಕ್ಷೆ ಇಡಿ.